24 ಪುಟದ ಪುಸ್ತಕ, 42 ನಿಮಿಷದ ನಾಟಕ

ಚಿತ್ರಪುಸ್ತಕವೊಂದನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಲು ನಾಲ್ಕೈದು ನಿಮಿಷ ಸಾಕು. ಈ ಬೇಸಿಗೆ ಶಿಬಿರಕ್ಕೆ ನಮ್ಮ ತಂಡ ಆರಿಸಿಕೊಂಡ ಪುಸ್ತಕದಲ್ಲಿ ಇದ್ದದ್ದು 24 ಪುಟ, ಹೆಚ್ಚುಕಡಿಮೆ 380 ಪದ. ರಂಗದ ಮೇಲೆ ಅದು 42 ನಿಮಿಷದ ಹಾಡುನಾಟಕವಾಯಿತು. ನಡುವಿನ ಅಷ್ಟೂ ನಿಮಿಷಗಳನ್ನು ಯಾವುದರಿಂದ ತುಂಬಬೇಕು, ಯಾವುದರಿಂದ ತುಂಬಲೇಬಾರದು ಎನ್ನುವುದರಲ್ಲೇ ಇಡೀ ಕೆಲಸ ಇದೆ. ಮಲೆನಾಡಿನ ತಾಲ್ಲೂಕು ಕೇಂದ್ರದ 250 ಕುರ್ಚಿಯ ಸಭಾಭವನ, 7ರಿಂದ 13 ವರ್ಷದೊಳಗಿನ 26 ಮಕ್ಕಳು, 28 ದಿನ. ಕೈಯಲ್ಲಿದ್ದದ್ದು ಇಷ್ಟು.

ಕತೆ ಸರಳ. ಕೆರೆ ಬತ್ತಿದೆ. ಮೋಡಕ್ಕೆ ದಾರಿ ತಪ್ಪಿರಬೇಕು ಅಂದುಕೊಂಡು ಆನೆಮರಿ ಅದನ್ನು ಹುಡುಕಿಕೊಂಡು ಹೊರಡುತ್ತದೆ. ಕೊಕ್ಕರೆಯನ್ನು ಕೇಳುತ್ತದೆ, ಕೆಸರಿನೊಳಗೆ ಹುದುಗಿದ ಕಪ್ಪೆಯನ್ನು ಕೇಳುತ್ತದೆ, ಕೊನೆಗೆ ಬೆಟ್ಟವನ್ನೇ ಕೇಳುತ್ತದೆ. ಮಾತಿನಲ್ಲಿ ಇರುವುದು ಇಷ್ಟೇ. ಚಿತ್ರದ ಸಂಗತಿ ಬೇರೆ. ಆರನೇ ಪುಟದಿಂದಲೇ ಆನೆಮರಿಯ ಬೆನ್ನ ಹಿಂದೆ ಹತ್ತಿಯುಂಡೆಯಷ್ಟು ಮೋಡ ಇದೆ. ಪುಟ ತಿರುಗಿದಂತೆ ಅದು ದೊಡ್ಡದಾಗುತ್ತ ಬರುತ್ತದೆ. ಅಕ್ಷರಗಳು ಅದರ ಸುದ್ದಿಯನ್ನೇ ಎತ್ತುವುದಿಲ್ಲ. ಕೊನೆಯ ಜೋಡಿಪುಟದಲ್ಲಿ ಬರೀ ಮಳೆ, ಒಂದು ಪದವೂ ಇಲ್ಲ.

ಒಳ್ಳೆಯ ಚಿತ್ರಪುಸ್ತಕದ ಜೀವ ಇರುವುದು ಇಲ್ಲೇ. ಓದಿ ಹೇಳುವ ದೊಡ್ಡವರಿಗಿಂತ, ಪಕ್ಕದಲ್ಲಿ ಕೂತು ಚಿತ್ರ ನೋಡುವ ಮಗುವಿಗೆ ಹೆಚ್ಚು ಗೊತ್ತಿರುತ್ತದೆ. ರಂಗಕ್ಕೆ ತರುವವರು ಮೊದಲು ಕಳೆದುಕೊಳ್ಳುವುದೂ ಇದನ್ನೇ. ನಮ್ಮ ಮೊದಲ ಕರಡಿನಲ್ಲಿ ಭಾಗವತ ಬಂದು ‘ಮೋಡ ಅದರ ಹಿಂದೆಯೇ ಬರುತ್ತಿತ್ತು’ ಎಂದು ಹಾಡಿಬಿಡುತ್ತಿದ್ದ. ಆ ಒಂದು ಸಾಲಿನಿಂದ ನೋಡುವ ಮಗುವಿಗೆ ಮಾಡಲು ಏನೂ ಕೆಲಸವೇ ಉಳಿಯುತ್ತಿರಲಿಲ್ಲ. ಕರಡು ಬರೆಯುವ ಮುಂಚೆ ಒಂದು ನೋಟ್‌ಬುಕ್ ತೆಗೆದುಕೊಂಡು, ಎಡಪುಟದಲ್ಲಿ ಪದಗಳು ಹೇಳುವುದನ್ನೂ ಬಲಪುಟದಲ್ಲಿ ಚಿತ್ರ ಹೇಳುವುದನ್ನೂ ಬರೆದುಕೊಳ್ಳಬೇಕು. ನಮ್ಮ ಪುಸ್ತಕದ 10 ಜೋಡಿಪುಟಗಳಲ್ಲಿ ಏಳರಲ್ಲಿ ಬಲಪುಟವೇ ಉದ್ದವಾಯಿತು. ಎಡಪುಟದ್ದು ಸಂಭಾಷಣೆಗೆ ಹೋಗಲಿ. ಬಲಪುಟದ್ದನ್ನು ಯಾರ ಬಾಯಲ್ಲೂ ಹೇಳಿಸಬಾರದು; ಅದು ಚಲನೆಗೆ, ವಾದ್ಯಕ್ಕೆ, ಬೆಳಕಿಗೆ ಸೇರಿದ್ದು. ನಾಟಕ ಉದ್ದವಾಗಲಿ ಎಂದು ಹೊಸ ಪಾತ್ರ, ಉಪಕತೆ, ದುಷ್ಟ ಬೇಟೆಗಾರ ಇವನ್ನೆಲ್ಲ ತಂದು ತುರುಕುವ ಆಸೆ ಬಂದೇ ಬರುತ್ತದೆ. ಬೇಡ. ಪುಸ್ತಕದಲ್ಲಿ ಮಗು ಒಂದು ಪುಟದ ಮೇಲೆ ಎಷ್ಟು ಹೊತ್ತು ಬೆರಳಿಟ್ಟುಕೊಂಡು ಕೂರುತ್ತದೋ ಅಷ್ಟು ಹೊತ್ತನ್ನು ರಂಗದ ಮೇಲೆ ಕೊಟ್ಟರೆ 40 ನಿಮಿಷ ತಾನಾಗಿ ಆಗುತ್ತದೆ.

ಅನುಮತಿಯ ವಿಷಯ ಚಿಕ್ಕದು, ಆದರೆ ಅದೇ ಮೊದಲು ಮುಗಿಯಬೇಕು. ಚಿತ್ರಪುಸ್ತಕದಲ್ಲಿ ಬರಹಕ್ಕೊಂದು ಹಕ್ಕು, ಚಿತ್ರಕ್ಕೊಂದು ಹಕ್ಕು. ಲೇಖಕರು ಒಪ್ಪಿದರೆ ಚಿತ್ರಕಾರರೂ ಒಪ್ಪಿದಂತಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ಲೇಖಕರ ಜೀವಿತಕಾಲ ಮತ್ತು ಆಮೇಲೆ 60 ವರ್ಷ ಇರುತ್ತದೆ. ‘ಟಿಕೆಟ್ ಇಲ್ಲವಲ್ಲ, ಅನುಮತಿ ಯಾಕೆ’ ಎನ್ನುವ ಮಾತು ನಮ್ಮ ಹವ್ಯಾಸಿ ವಲಯದಲ್ಲಿ ತುಂಬ ಕೇಳುತ್ತದೆ. ಹಣ ಕೊಡದೆ ನೋಡುವವರಿಗೆ ಹವ್ಯಾಸಿಗಳು ಆಡಿ ತೋರಿಸಲು ಕಾಯ್ದೆಯಲ್ಲಿ ಸ್ವಲ್ಪ ವಿನಾಯಿತಿ ಇದೆ, ನಿಜ. ಆದರೆ ಕತೆಯನ್ನು ನಾಟಕವಾಗಿ ಮಾರ್ಪಡಿಸುವ ಹಕ್ಕು ಬೇರೆಯೇ. ಪತ್ರದಲ್ಲಿ ಎಷ್ಟು ಪ್ರದರ್ಶನ, ಯಾವ ಊರು, ಟಿಕೆಟ್ ದರ, ಪೋಸ್ಟರ್‌ಗೆ ಮೂಲ ಚಿತ್ರ ಬಳಸುತ್ತೇವೋ ಇಲ್ಲವೋ, ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುತ್ತೇವೋ ಎನ್ನುವ ಐದೂ ಇರಲಿ. ಕೊನೆಯದನ್ನು ಮರೆತರೆ ಆಮೇಲೆ ಮಕ್ಕಳ ಮನೆಯವರು ಹಾಕುವ ವಿಡಿಯೊದಿಂದಲೇ ತಕರಾರು ಹುಟ್ಟುತ್ತದೆ. ಪತ್ರ ವ್ಯವಹಾರಕ್ಕೆ ಸಮಯ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಸಿಸಿ ಬೈ 4.0 ಪರವಾನಗಿಯ (ಮೂಲದವರ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದಾದ) ಕನ್ನಡ ಚಿತ್ರಪುಸ್ತಕಗಳು ಬೇಕಾದಷ್ಟು ಸಿಗುತ್ತವೆ. ಅವನ್ನು ನಾಟಕ ಮಾಡಬಹುದು. ಲೇಖಕರು, ಚಿತ್ರಕಾರರು, ಅನುವಾದಕರು, ಪ್ರಕಾಶಕರ ಹೆಸರನ್ನೂ ಪರವಾನಗಿಯ ವಿವರವನ್ನೂ ಕರಪತ್ರದಲ್ಲಿ ಹಾಕಿ, ಏನು ಬದಲಾಯಿಸಿದ್ದೀರಿ ಎಂದು ಹೇಳಿದರಾಯಿತು.

ಇನ್ನು ಹಾಡು. ಐದು ಹಾಡು, ಒಟ್ಟು 16 ನಿಮಿಷ. ಹಾಡು ಎಲ್ಲಿ ಬರಬೇಕು ಎನ್ನುವುದಕ್ಕೆ ನಾವು ಇಟ್ಟುಕೊಂಡ ಅಳತೆ ಪುಟ ತಿರುಗುವ ಜಾಗ. ‘ಮುಂದೇನು’ ಎಂದು ಮಗುವಿನ ಕೈ ಪುಟದ ಮೂಲೆ ಹಿಡಿಯುವ ಕ್ಷಣ ಅದು. ಆನೆಮರಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ ಹಾಡು. ಸೇರಿದ ಮೇಲೆ ಮಾತು. ಪಾತ್ರ ನಿಂತಲ್ಲೇ ನಿಂತು ತನ್ನ ದುಃಖ ಹಾಡಿಕೊಂಡರೆ ಮುಂದಿನ ಸಾಲಿನ ಐದು ವರ್ಷದವರು ಕುರ್ಚಿಯಿಂದ ಇಳಿದುಬಿಡುತ್ತಾರೆ.

ಸಾಹಿತ್ಯ ಬರೆಯುವಾಗ ಮಾತ್ರೆಯ ಲೆಕ್ಕ ಬಿಡಬಾರದು. ಮೊದಲ ಹಾಡಿನ ಸೊಲ್ಲು ಇದು:

ಮೋಡ ಮೋಡ ಎಲ್ಲಿ ಹೋದೆ
ಕೆರೆಯ ಬಾಯಿ ಒಣಗಿದೆ

ಮೂರು ಮೂರು ಮಾತ್ರೆಯ ಗಣ, ತಿಶ್ರದ ನಡೆ, ನಡೆಯುತ್ತ ಹಾಡಲು ಸಲೀಸು. ಮುಂದೆ ಒಂದು ಸಾಲಿನಲ್ಲಿ ‘ಆನೆಮರಿ’ ಎಂದಷ್ಟೇ ಇತ್ತು. ‘ಆನೆ’ಗೆ ಮೂರು ಮಾತ್ರೆ ಸರಿಯಾಯಿತು, ‘ಮರಿ’ಗೆ ಇರುವುದು ಎರಡೇ. ತಾಳ ಮೂರು ಕೇಳುತ್ತದೆ, ಮಕ್ಕಳು ಸಹಜವಾಗಿ ‘ಮ’ವನ್ನು ಎಳೆದು ತುಂಬಿಸುತ್ತಾರೆ. ಆಗ ಸಭೆಗೆ ಕೇಳುವುದು ‘ಆನೆ ಮಾರಿ’! ‘ಮರಿಯು’ ಎಂದು ತಿದ್ದಿದ ಕೂಡಲೇ ಸರಿಹೋಯಿತು. ಕನ್ನಡದಲ್ಲಿ ಹ್ರಸ್ವ ದೀರ್ಘ ಅದಲುಬದಲಾದರೆ ಅರ್ಥವೇ ಹೋಗುತ್ತದೆ. ಹಾಗಾಗಿ, ಮೊದಲು ರಾಗ ಕಟ್ಟಿ ಆಮೇಲೆ ಪದ ಕೂರಿಸುವ ಬದಲು, ಪದವನ್ನು ಚಪ್ಪಾಳೆ ತಟ್ಟಿಕೊಂಡು ಹೇಳಿಸಿ ಅದರ ನಡೆ ಹಿಡಿದು, ಅದರ ಮೇಲೆ ರಾಗ ಇಡುವುದು ಕ್ಷೇಮ.

ಶ್ರುತಿ ಬಿಳಿ ಆರು, ಅಂದರೆ ಹಾರ್ಮೋನಿಯಂನ ಆರನೇ ಬಿಳಿ ಕೀ. ದೊಡ್ಡವರು ತಮಗೆ ಹೊಂದುವ ಶ್ರುತಿಯಲ್ಲಿ ಹಾಡು ಕಟ್ಟಿ ಅದನ್ನೇ ಕಲಿಸಲು ಹೊರಟರೆ ಏಳೆಂಟು ವರ್ಷದ ಮಕ್ಕಳ ದನಿ ಕೆಳಗೆ ಇಳಿಯಲಾರದೆ ಬರೀ ಗಾಳಿಯಾಗುತ್ತದೆ. ಮಧ್ಯ ಷಡ್ಜದಿಂದ ತಾರ ಷಡ್ಜದ ಒಳಗೆ, ಅಂದರೆ ನಡುವಿನ ‘ಸ’ದಿಂದ ಮೇಲಿನ ‘ಸ’ದ ಒಳಗೆ, ಹಾಡು ಮುಗಿಯಲಿ. ಅಲ್ಲೊಮ್ಮೆ ಇಲ್ಲೊಮ್ಮೆ ತಾರ ರಿಷಭ ಮುಟ್ಟಿದರೆ ತೊಂದರೆಯಿಲ್ಲ, ಮಂದ್ರದಲ್ಲಿ ನಿಷಾದಕ್ಕಿಂತ ಕೆಳಗೆ ಮಾತ್ರ ಬೇಡ. 12–13ರ ಹುಡುಗರಲ್ಲಿ ಒಬ್ಬಿಬ್ಬರಿಗಾದರೂ ದನಿ ಒಡೆಯುತ್ತಿರುತ್ತದೆ. ಅವರಿಗೆ ಸೊಲ್ಲು ಹಾಡಿಸದೆ ತಾಳವಾದ್ಯ ಕೊಟ್ಟರೆ ಮುಜುಗರ ತಪ್ಪುತ್ತದೆ, ತಂಡಕ್ಕೂ ಲಾಭ.

ಮಳೆಯ ಕತೆ ಅಂದ ತಕ್ಷಣ ಅಮೃತವರ್ಷಿಣಿ ನೆನಪಾಗುತ್ತದೆ. ಎಟ್ಟಯಪುರದಲ್ಲಿ ಮುತ್ತುಸ್ವಾಮಿ ದೀಕ್ಷಿತರು ಆ ರಾಗದಲ್ಲಿ ಹಾಡಿ ಮಳೆ ತರಿಸಿದ ಐತಿಹ್ಯ ಎಲ್ಲರಿಗೂ ಗೊತ್ತಲ್ಲ. ಅದನ್ನು ನಾವೂ ಪ್ರಯತ್ನಿಸಿ ಬಿಟ್ಟೆವು. ಅದರ ಪ್ರತಿಮಧ್ಯಮವನ್ನು (ಎರಡು ‘ಮ’ಗಳಲ್ಲಿ ಮೇಲಿನದನ್ನು) ಗುಂಪಿನಲ್ಲಿ ಹಿಡಿದು ನಿಲ್ಲಿಸುವುದು ಕಲಿಕೆಯಿಲ್ಲದ ಮಕ್ಕಳಿಗೆ ಕಷ್ಟ. ಅರ್ಧದಷ್ಟು ಜನ ಕೆಳಗಿನ ಶುದ್ಧಮಧ್ಯಮಕ್ಕೆ ಜಾರುತ್ತಾರೆ, ಹಾಡು ಒಡೆಯುತ್ತದೆ. ಮೋಹನದಲ್ಲಿ ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ, ಜಾರಲು ಜಾಗವೇ ಕಡಿಮೆ. ಪಯಣದ ಹಾಡೆಲ್ಲ ಮೋಹನದಲ್ಲೇ ಆಯಿತು. ಕಪ್ಪೆಯ ಹಾಡು ಖಂಡದ ನಡೆ, ಐದೈದು ಎಣಿಕೆಯದು. ತಕ ತಕಿಟ ಎಂದು ಬಾಯಲ್ಲಿ ಹೇಳಿಸಿದಾಗ ಯಾರಿಗೂ ಹತ್ತಲಿಲ್ಲ, ಎರಡು ಚಿಕ್ಕ ಕುಪ್ಪಳಿಕೆ ಮೂರು ಹೆಜ್ಜೆ ಎಂದು ಕಾಲಿಗೆ ಕೊಟ್ಟಾಗ ಒಂದೇ ಬೆಳಿಗ್ಗೆಯಲ್ಲಿ ಹತ್ತಿತು.

ಟ್ರ್ಯಾಕ್ ಹಾಕಿ ಹಾಡಿಸುವುದು ಅಗ್ಗ ನಿಜ. ಆದರೆ ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ಮಗು ಒಂದು ಸಾಲು ಮರೆತರೆ ಹಾರ್ಮೋನಿಯಂನವರು ಇನ್ನೊಂದು ಆವರ್ತ ತಿರುಗಿಸಿ ಎತ್ತಿಕೊಡುತ್ತಾರೆ. ಟ್ರ್ಯಾಕಿನಲ್ಲಿ ಆ ಸಾಲು ಹೋದದ್ದು ಹೋಯಿತು. ನಮ್ಮ ಮೇಳದಲ್ಲಿ ಹಾರ್ಮೋನಿಯಂ, ಢೋಲಕ್, ಕೊಳಲು, ಜೊತೆಗೆ ಸದ್ದಿಗೆಂದು ನಾಲ್ವರು ಮಕ್ಕಳು. ಬಿ.ವಿ. ಕಾರಂತರು ಕಲ್ಲು, ಕೋಲು, ತಗಡು ಯಾವುದನ್ನೂ ಬಿಡದೆ ರಂಗಸಂಗೀತಕ್ಕೆ ತಂದದ್ದು ಕನ್ನಡದ ಮಕ್ಕಳ ನಾಟಕಕ್ಕೆ ದೊಡ್ಡ ಆಸ್ತಿ. ಮಳೆಗೆ ನಾವು ಬಳಸಿದ್ದು ಮೊರ. ಬಿದಿರಿನ ಮೊರದಲ್ಲಿ ಎರಡು ಹಿಡಿ ಹೆಸರುಕಾಳು ಹಾಕಿ ಓರೆ ಮಾಡುತ್ತ ಉರುಳಿಸಿದರೆ ಎಲೆಯ ಮೇಲೆ ಬೀಳುವ ಹನಿ. ಕಡಲೆಯಾದರೆ ಹೆಂಚಿನ ಮೇಲೆ ಬೀಳುವ ಜಡಿಮಳೆ. ಗುಡುಗಿಗೆ ಆರು ಅಡಿ ಉದ್ದದ ಜಿಂಕ್ ಶೀಟನ್ನು ಹಗ್ಗದಲ್ಲಿ ತೂಗುಹಾಕಿ ಕೆಳತುದಿ ಅಲ್ಲಾಡಿಸಬೇಕು. ಒಮ್ಮೆಗೇ ಜೋರಾಗಿ ಅಲ್ಲಾಡಿಸಿದರೆ ಸಭೆಯ ಕೂಸುಗಳು ಚೀರುತ್ತವೆ. ಗುಡುಗು ದೂರದಿಂದ ಹತ್ತಿರ ಬರಲಿ, ಮೂರು ಸಲದಲ್ಲಿ.

ಆನೆಮರಿಗೆ ಮೈ ಮಾಡಲಿಲ್ಲ, ಕಿವಿ ಮತ್ತು ಸೊಂಡಿಲು ಅಷ್ಟೇ. ಉಳಿದದ್ದನ್ನು 12 ವರ್ಷದ ಹುಡುಗಿಯ ನಡಿಗೆ ನೋಡಿಕೊಂಡಿತು. ಮೊದಲ ಸೊಂಡಿಲು ಹಳೆ ಸೀರೆಯದು, ಒಳಗೆ ಹತ್ತಿ. ಅದು ದಿಂಬಿನಂತೆ ನೇತಾಡಿತು, ಬಗ್ಗಲಿಲ್ಲ, ತೂಕಕ್ಕೆ ಮುಖವಾಡವನ್ನೇ ಮೂಗಿನ ಮೇಲೆ ಜಗ್ಗಿತು. ಎರಡನೆಯದನ್ನು ಬೆತ್ತದ ಬಳೆಗಳಿಂದ ಕಟ್ಟಿದೆವು. 14 ಬಳೆ, ಬುಡದ್ದು 7 ಇಂಚು ಅಡ್ಡಗಲ, ತುದಿಯದು ಎರಡೂವರೆ ಇಂಚು, ಬಳೆಯಿಂದ ಬಳೆಗೆ 3 ಇಂಚು ಅಂತರ. ಮೇಲೆ ಬೂದುಬಣ್ಣದ ಬನಿಯನ್ ಬಟ್ಟೆ. ಪ್ರತಿ ಬಳೆಯ ನೆತ್ತಿಗೊಂದು, ಹೊಟ್ಟೆಗೊಂದು ಪರದೆಯ ಚಿಕ್ಕ ರಿಂಗು ಕಟ್ಟಿ, ಮೇಲಿನ ಸಾಲಿನ ಒಳಗಿಂದ ಒಂದು ನೈಲಾನ್ ದಾರ, ಕೆಳಗಿನ ಸಾಲಿನ ಒಳಗಿಂದ ಇನ್ನೊಂದು; ಎರಡನ್ನೂ ತುದಿಯ ಬಳೆಗೆ ಬಿಗಿದೆವು. ಮೇಲಿನದನ್ನು ಎಳೆದರೆ ಸೊಂಡಿಲು ಏಳುತ್ತದೆ, ಕೆಳಗಿನದನ್ನು ಎಳೆದರೆ ಒಳಕ್ಕೆ ಸುತ್ತಿಕೊಳ್ಳುತ್ತದೆ. ದಾರ ಬಟ್ಟೆಯ ಹೊಲಿಗೆಗೆ ತಾಗಿದಲ್ಲೆಲ್ಲ ಸಿಕ್ಕಿಹಾಕಿಕೊಂಡಿತು. ಹೊಲಿಗೆಯನ್ನು ಪಕ್ಕಕ್ಕೆ ತಿರುಗಿಸಿ, ದಾರಕ್ಕೆ ಮೇಣದಬತ್ತಿ ತಿಕ್ಕಿದ ಮೇಲೆ ಜಾರಿತು. ದಾರದ ಕೊನೆಗೆ ಕೆಂಪು ಮತ್ತು ನೀಲಿ ಬಾಟಲಿ ಮುಚ್ಚಳ. ತಾಲೀಮಿನಲ್ಲಿ ‘ಕೆಂಪು’ ಅಂದರೆ ಎತ್ತು, ‘ನೀಲಿ’ ಅಂದರೆ ಸುತ್ತು. ತೂಕವನ್ನು ತಲೆಗೆ ಬಿಡದೆ ಹಳೆ ಶಾಲಾಬ್ಯಾಗಿನ ಪಟ್ಟಿಗಳಿಂದ ಹೆಗಲಿಗೆ ದಾಟಿಸಿದ್ದೇ ಮುಖ್ಯ ಸುಧಾರಣೆ.

ಮುಖವಾಡಗಳು ಹಣೆಯ ಮೇಲೆ ಕೂರುವಂಥವು, ಬಾಯಿ ಮುಚ್ಚುವಂಥವಲ್ಲ. ಹಾಡಬೇಕಾದ ಮಗುವಿನ ಬಾಯಿಗೆ ಏನೂ ಅಡ್ಡ ಬರಬಾರದು. ಮಣ್ಣಿನ ಅಚ್ಚಿಗೆ ತೆಳುವಾದ ಪ್ಲಾಸ್ಟಿಕ್ ಹೊದಿಸಿ, ಅದರ ಮೇಲೆ ಪತ್ರಿಕೆಯ ಚೂರುಗಳನ್ನು ಐದು ಪದರ ಅಂಟಿಸಿದೆವು. ಅಂಟಿಗೆ ಮೈದಾ, ಹುಳ ಬೀಳದಿರಲು ಅದರಲ್ಲಿ ಮೆಂತ್ಯದ ಪುಡಿ. ಪುಸ್ತಕ ಕಟ್ಟುವವರು ಮೈಲುತುತ್ತು ಹಾಕುತ್ತಾರೆ. ಅದು ವಿಷ, ಮಕ್ಕಳ ಮುಖದ ಹತ್ತಿರ ಬರುವ ಯಾವುದಕ್ಕೂ ಅದನ್ನು ಸೇರಿಸಬಾರದು. ಒಂದೇ ದಿನದಲ್ಲಿ ಐದೂ ಪದರ ಹಾಕಿದರೆ ಒಳಗೆ ಹಸಿ ಉಳಿದು ಮೂರನೇ ದಿನ ಬೂಷ್ಟು ಬರುತ್ತದೆ. ದಿನಕ್ಕೆರಡು ಪದರ ಸಾಕು.

ಹಿನ್ನೆಲೆಗೆ ಪುಸ್ತಕದ ಪುಟಗಳೇ. 6 ಅಡಿ ಎತ್ತರ, 4 ಅಡಿ ಅಗಲದ ಐದು ಚೌಕಟ್ಟು, ಎರಡೂ ಬದಿಗೆ ಕೋರಾ ಬಟ್ಟೆ, ಎರಡೂ ಬದಿಗೆ ಚಿತ್ರ. ಮಕ್ಕಳೇ ತಿರುಗಿಸಿದರೆ ಹತ್ತು ಜಾಗ. ಬಟ್ಟೆಯನ್ನು ಚೌಕಟ್ಟಿಗೆ ಹೊಡೆದ ಮೇಲೆ ಸೀಮೆಸುಣ್ಣದ ಪುಡಿ, ಫೆವಿಕಾಲ್, ನೀರು ಕಲಸಿ ಒಂದು ಕೈ ಬಳಿಯಬೇಕು. ಒಣಗುವಾಗ ಬಟ್ಟೆ ಬಿಗಿದುಕೊಂಡು ತಮಟೆಯಂತಾಗುತ್ತದೆ. ಮೊದಲು ಬಳಿದು ಆಮೇಲೆ ಹೊಡೆದರೆ ಸುಕ್ಕು ಹೋಗುವುದೇ ಇಲ್ಲ. ಚಕ್ರ ಹಾಕಿದ ಚೌಕಟ್ಟು ಮುಂದಕ್ಕೆ ಮಗುಚುವ ಅಪಾಯ ಇದೆ. ಹಿಂದೆ ಎರಡೂವರೆ ಅಡಿಯ ಕಾಲು, ಕಾಲಿನ ಮೇಲೆ 5 ಕಿಲೋ ಮರಳಿನ ಚೀಲ ಇಲ್ಲದೆ ಅದನ್ನು ಮಕ್ಕಳ ಕೈಗೆ ಕೊಡಬೇಡಿ. ಬಣ್ಣವನ್ನು ಹಗಲು ಬೆಳಕಿನಲ್ಲಿ ನೋಡಿ ಒಪ್ಪಿಕೊಂಡರೂ ಮೋಸ. ನೀಲಿ ಬೆಟ್ಟದ ಮೇಲೆ ಸಂಜೆಯ ಹೊಂಬಣ್ಣದ ಬೆಳಕು ಬಿದ್ದಾಗ ಬೆಟ್ಟ ಬೂದಿಯಾಯಿತು. ನೀಲಿಗೆ ಕೆನ್ನೇರಳೆ ಬೆರೆಸಿ ಮತ್ತೆ ಬಳಿಯಬೇಕಾಯಿತು.

ಮೋಡ ಮೂರು: ಒಂದಡಿಯದು, ಮೂರಡಿಯದು, ಆರಡಿಯದು. ಬೆತ್ತದ ಹಂದರಕ್ಕೆ ಬಿಳಿ ಸೊಳ್ಳೆಪರದೆ ಬಟ್ಟೆ, ಏಳಡಿಯ ಬಿದಿರ ಕೋಲಿನ ತುದಿಯಲ್ಲಿ. ಹಿಡಿದು ಓಡಾಡುವ ಮಗು ಕಾಣುತ್ತಲೇ ಇರುತ್ತದೆ, ಅದನ್ನು ಮರೆಮಾಡುವುದು ಬೇಕಿಲ್ಲ. ಮಕ್ಕಳು ಕ್ಷಣದಲ್ಲಿ ಕೋಲನ್ನು ಮರೆತು ಮೋಡವನ್ನೇ ನೋಡುತ್ತಾರೆ. ತಾಲೀಮಿನಲ್ಲಿ ಅತಿ ಹೆಚ್ಚು ಹೊತ್ತು ತಿಂದದ್ದು ಇದು. ಆನೆಮರಿ ಬಲಕ್ಕೆ ತಿರುಗಿದಾಗ ಮೋಡ ಎಡಕ್ಕೆ ಜಾರಬೇಕು, ಅದೂ ಒಂದು ಎಣಿಕೆ ತಡವಾಗಿ. ಒಟ್ಟಿಗೇ ಜಾರಿದರೆ ಆಟ ಅನ್ನಿಸುವುದಿಲ್ಲ. ಸಭೆ ‘ಹಿಂದೆ ನೋಡು, ಹಿಂದೆ ನೋಡು’ ಎಂದು ಕೂಗಿಯೇ ಕೂಗುತ್ತದೆ, ಅದಕ್ಕೆ ಮೂರು ಅವಕಾಶ ಮಾತ್ರ. ನಾಲ್ಕನೆಯದಕ್ಕೆ ಮಕ್ಕಳಿಗೆ ಆನೆಮರಿಯ ಮೇಲೆ ಸಿಟ್ಟು ಬರುತ್ತದೆ. ಕೂಗಿಗೆ ಉತ್ತರವಾಗಿ ರಂಗದ ಮೇಲಿನವರು ಸಭೆಯನ್ನು ಇನ್ನೇನಾದರೂ ಕೇಳಿದರೆ ಕತೆ ಅಲ್ಲೇ ಕೈತಪ್ಪುತ್ತದೆ.

ತಾಲೀಮು ಬೆಳಿಗ್ಗೆ ಒಂಬತ್ತೂವರೆಯಿಂದ ಒಂದರವರೆಗೆ. ಮೊದಲ ವಾರ ಪಾತ್ರ ಹಂಚಲಿಲ್ಲ. ಎಲ್ಲರೂ ಎಲ್ಲ ಹಾಡು ಕಲಿತರು. ಮೇ ತಿಂಗಳೆಂದರೆ ಮದುವೆ, ಉಪನಯನ, ಅಜ್ಜಿಮನೆ, ಜ್ವರ. ಹಾಗಾಗಿ ಮುಖ್ಯ ಪಾತ್ರಗಳಿಗೆ ಇಬ್ಬಿಬ್ಬರು, ಮೂರು ಪ್ರದರ್ಶನದಲ್ಲಿ ಇಬ್ಬರಿಗೂ ಸರದಿ ಇರಲೇಬೇಕು. ಸುಮ್ಮನೆ ‘ಬದಲಿ’ ಅಂದರೆ ಆ ಮಗು ಎರಡನೇ ವಾರಕ್ಕೆ ಬರುವುದನ್ನೇ ಬಿಡುತ್ತದೆ. ಕೊನೆಯ ವಾರದ ಕಾಯಿಲೆ ವೇಗ. ಹಾಡು ಬಾಯಿಪಾಠ ಆದಷ್ಟೂ ಓಡುತ್ತದೆ, 42 ನಿಮಿಷದ್ದು 38ಕ್ಕೆ ಇಳಿಯಿತು. ಢೋಲಕ್‌ನವರನ್ನು ಮಕ್ಕಳ ಕಾಲು ಕಾಣುವ ಕಡೆ ಕೂರಿಸಿ, ಹೆಜ್ಜೆಯೊಂದಿಗೆ ತಾಳ ಕಟ್ಟಿದ ಮೇಲೆ ಮತ್ತೆ ತಹಬಂದಿಗೆ ಬಂತು.

ಸಭಾಭವನದ ಮಾಡು ಶೀಟಿನದು. ಮೇ ಕೊನೆಯ ಮಳೆ ಬರುವುದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ಬಂದರೆ ಯಾವ ಮೈಕೂ ಪ್ರಯೋಜನಕ್ಕಿಲ್ಲ. ಮೂರರಲ್ಲಿ ಎರಡು ಪ್ರದರ್ಶನವನ್ನು ಬೆಳಿಗ್ಗೆ ಹನ್ನೊಂದಕ್ಕೇ ಇಟ್ಟೆವು. ಮೈಕು ಮೂರು, ರಂಗದ ಮುಂದಿನ ಅಂಚಿನಲ್ಲಿ ಫೋಮ್ ತುಂಡಿನ ಮೇಲೆ. ಫೋಮ್ ಇಲ್ಲದಿದ್ದರೆ ಕುಣಿತದ ದಡಬಡವೇ ಹಾಡನ್ನು ನುಂಗುತ್ತದೆ. ದೃಶ್ಯ ಬದಲಾವಣೆಗೆ ಪೂರ್ತಿ ಕತ್ತಲೆ ಮಾಡಲಿಲ್ಲ. ಕತ್ತಲಲ್ಲಿ ರಂಗದ ಮೇಲಿನ ಮಕ್ಕಳು ಡಿಕ್ಕಿ ಹೊಡೆಯುತ್ತಾರೆ, ಕೆಳಗಿನವರು ಅಳುತ್ತಾರೆ. ಮಂದ ನೀಲಿ ಸಾಕು. ರಂಗದಂಚಿಗೂ ಮೆಟ್ಟಿಲಿಗೂ ರೇಡಿಯಂ ಸ್ಟಿಕ್ಕರ್. ಒಳಗೆ ಆರು ಮಕ್ಕಳಿಗೊಬ್ಬರು ದೊಡ್ಡವರು, ಅವರಲ್ಲಿ ಒಬ್ಬರ ಕೆಲಸ ಶೌಚಾಲಯಕ್ಕೆ ಕರೆದೊಯ್ಯುವುದು ಮಾತ್ರ. ಉಡುಪುಗಳಿಗೆ ಗುಂಡಿ ಬೇಡ, ಲಾಡಿ ಬೇಡ, ವೆಲ್ಕ್ರೋ ಇರಲಿ. ಮುಖದ ಬಣ್ಣವನ್ನು ಹಿಂದಿನ ದಿನವೇ ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ನೋಡಿದಾಗ ಇಬ್ಬರಿಗೆ ಕಡಿತ ಬಂತು. ಅವರು ಬಣ್ಣವಿಲ್ಲದೆಯೇ ಕೊಕ್ಕರೆಗಳಾದರು.

ಕೊನೆಯ ಪುಟಕ್ಕೆ ಪದವಿಲ್ಲವಲ್ಲ, ಅದಕ್ಕೆ ಹಾಡೂ ಇಲ್ಲ. ಆರನೇ ಹಾಡೊಂದು ಸಿದ್ಧವಿತ್ತು, ಗ್ರ್ಯಾಂಡ್ ರಿಹರ್ಸಲ್ ದಿನ ಕೈಬಿಟ್ಟೆವು. ದೊಡ್ಡ ಮೋಡ ಆನೆಮರಿಯ ನೆತ್ತಿಯ ಮೇಲೆ ಬಂದು ನಿಲ್ಲುತ್ತದೆ, ಹಾರ್ಮೋನಿಯಂ ನಿಲ್ಲುತ್ತದೆ. ಮೊದಲು ಒಂದು ಮೊರ, ಹೆಸರುಕಾಳು. ಆಮೇಲೆ ಸಭೆಯ ಎರಡೂ ಪಕ್ಕದ ನಡುದಾರಿಯಿಂದ ಹನ್ನೊಂದು ಮೊರ. ಸೊಂಡಿಲು ನಿಧಾನ ಮೇಲೇಳುತ್ತದೆ, ಕೆಂಪು ಮುಚ್ಚಳ. 90 ಸೆಕೆಂಡು ಅಷ್ಟೇ, ಯಾರೂ ಮಾತಾಡುವುದಿಲ್ಲ.

ಆಟ ಮುಗಿದ ಮೇಲೆ ಕಾಲು ಗಂಟೆ ಬಾಗಿಲು ತೆರೆಯದೆ ನೋಡಲು ಬಂದ ಮಕ್ಕಳನ್ನು ರಂಗದ ಮೇಲೆ ಬಿಟ್ಟೆವು. ಸೊಂಡಿಲಿನ ದಾರ ಎಳೆಯಲು ಸಾಲು ನಿಂತರು. ಎರಡನೇ ಪ್ರದರ್ಶನದ ಹೊತ್ತಿಗೆ ದಾರ ಕಿತ್ತಿತು, ಮೂರನೆಯದಕ್ಕೆ ಇನ್ನೊಂದು ದಾರ ಏರಿಸಿಯೇ ಇಟ್ಟಿದ್ದೆವು. ಚಿತ್ರದ ಬಟ್ಟೆಗಳನ್ನು ಮಡಚದೆ ಪಿವಿಸಿ ಪೈಪಿಗೆ ಸುತ್ತಿ ಇಟ್ಟಿದ್ದೇವೆ, ಮಡಚಿದರೆ ಸುಣ್ಣ ಬಿರಿಯುತ್ತದೆ. ಮುಖವಾಡಗಳು ಜಂತಿಯಿಂದ ತೂಗುತ್ತಿವೆ. ಮೈದಾ ಅಂಟಿನ ವಾಸನೆಗೆ ಇಲಿ ಬರುತ್ತದೆ, ಮೆಂತ್ಯ ಹುಳಕ್ಕಷ್ಟೇ ಮದ್ದು.